ಗೇಜೆಂಬ ಅಳತೆಯ ಮಾತು

ಇಂಗ್ಲಿಷು ಭಾಷೆಯಿಂದ ಬಂದು ನಮ್ಮ ಜನರ ಬಾಯಲ್ಲಿ ನೆಲೆಯೂರಿದ ಮಾತುಗಳಲ್ಲಿ ‘ಗೇಜ್’ ಎಂಬುದೊಂದು. ರೈಲುಕಂಬಿಯ ವಿಚಾರ ಬಂದರೆ ಗೇಜ್. ತಗಡಿನ ಅಂಗಡಿಯ ಮುಂದೆ ನಿಂತರೆ ಗೇಜ್. ತಂತಿಗೂ ಪ್ಲಾಸ್ಟಿಕ್ ಹಾಳೆಗೂ ಬಾಯ್ಲರಿನ ಉಗಿಗೂ ಅದೇ ಮಾತು. ಇಷ್ಟು ಕಡೆಗಳಲ್ಲಿ ದುಡಿಯುತ್ತಿರುವ ಪದಕ್ಕೆ ಅರ್ಥವೇನೆಂದು ಕೇಳುವ ಗೊಡವೆಗೆ ನಮ್ಮವರು ಹೋದಂತಿಲ್ಲ. ಕೇಳದಿದ್ದರೆ ಹಾನಿಯೇನೆಂದು ಯಾರಾದರೂ ಆಕ್ಷೇಪಿಸಬಹುದು. ಹಾನಿಯುಂಟು; ಅದು ವ್ಯಾಕರಣದ ಹಾನಿಯಲ್ಲ, ಗಂಟಿನ ಹಾನಿ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಪದವು ಇಂಗ್ಲಿಷಿನದೂ ಅಲ್ಲ. ಹದಿನೈದನೆಯ ಶತಮಾನದ ವೇಳೆಗೆ ಫ್ರೆಂಚರಿಂದ ಅವರಿಗೆ ದೊರೆತದ್ದು. ಬರೆಯುವಾಗ ನಡುವೆ ಒಂದು ‘ಯು’ ಅಕ್ಷರವನ್ನು ಬರೆಯುತ್ತಾರೆ, ಓದುವಾಗ ಅದನ್ನು ನುಂಗುತ್ತಾರೆ. ನಮ್ಮ ಶಾಲೆಯ ಹುಡುಗರು ಇದನ್ನು ‘ಗಾಜ್’ ಎಂದೋದಿದರೆ ತಪ್ಪು ಹುಡುಗರದಲ್ಲ. ಗೊತ್ತುಮಾಡಿದ ಒಂದು ಅಳತೆ ಎಂಬುದು ಇದರ ಮೂಲಾರ್ಥ. ಆ ಅಳತೆಗೆ ಒಂದು ಪದಾರ್ಥವು ಸರಿಹೋಗುವುದೇ ಇಲ್ಲವೇ ಎಂದು ನೋಡುವ ಕೆಲಸಕ್ಕೂ, ಹಾಗೆ ನೋಡುವ ಉಪಕರಣಕ್ಕೂ ಹೆಸರು ಅದೇ ಆಯಿತು. ಹಿಂದೆ ಇದರ ಮುಖ್ಯ ಕಾರ್ಯಕ್ಷೇತ್ರ ಮದ್ಯದ ಪೀಪಾಯಿ. ಪೀಪಾಯಿಯ ಹೊಟ್ಟೆ ಉಬ್ಬಿ ತುದಿಗಳು ಕಿರಿದಾಗಿರುವುದರಿಂದ ಒಳಗಿನ ದ್ರವವೆಷ್ಟೆಂದು ಹೇಳುವುದು ಸುಲಭವಲ್ಲ. ಬಾಯಿಯಿಂದ ಓರೆಯಾಗಿ ಒಂದು ಕೋಲನ್ನು ಇಳಿಬಿಟ್ಟು, ಒದ್ದೆಯಾದ ಗುರುತನ್ನು ನೋಡಿ ಬೆಲೆ ಹೇಳುತ್ತಿದ್ದರು. ಖಗೋಳಶಾಸ್ತ್ರಜ್ಞನಾದ ಕೆಪ್ಲರನು ೧೬೧೩ರಲ್ಲಿ ತನ್ನ ಎರಡನೆಯ ಮದುವೆಯ ಸಮಯದಲ್ಲಿ ದ್ರಾಕ್ಷಾಮದ್ಯದ ವರ್ತಕರ ಈ ಕೋಲಾಟವನ್ನು ಕಂಡು ಸಂಶಯಗೊಂಡನು. ೧೬೧೫ರಲ್ಲಿ ಪೀಪಾಯಿಗಳ ಗಣಿತದ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದನು. ಕೊಳ್ಳುವವನು ಅಳತೆಯನ್ನು ಪ್ರಶ್ನಿಸಿದರೆ ಶಾಸ್ತ್ರವೇ ಬೆಳೆಯುವುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಬ್ರಿಟನ್ನಿನಲ್ಲಿ ಪೀಪಾಯಿಯನ್ನಳೆದು ಸುಂಕ ಹೇರುವ ಸರಕಾರದ ನೌಕರನಿಗೆ ‘ಗೇಜರ್’ ಎಂಬ ಹೆಸರಿದ್ದಿತು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸನು ಜೀವನೋಪಾಯಕ್ಕಾಗಿ ಅದೇ ಅಬಕಾರಿ ಉದ್ಯೋಗವನ್ನು ಮಾಡಬೇಕಾಯಿತು.

ಇನ್ನು ನಮ್ಮ ಪೇಟೆಗೆ ಬರೋಣ. ಮನೆಗೆ ಮಾಡು ಹೊದಿಸುವ ಬಡ ಗೃಹಸ್ಥನು ತಗಡನ್ನು ಕೊಳ್ಳಲು ಹೋಗುತ್ತಾನೆ. ಇಪ್ಪತ್ತು ಗೇಜಿನದು ಬೇಕೋ, ಇಪ್ಪತ್ತನಾಲ್ಕು ಗೇಜಿನದು ಬೇಕೋ ಎಂದು ವರ್ತಕನು ಕೇಳುತ್ತಾನೆ. ಇಪ್ಪತ್ತನಾಲ್ಕು ದೊಡ್ಡ ಸಂಖ್ಯೆ. ಆದಕಾರಣ ಅದೇ ಗಟ್ಟಿಯಾದುದೆಂದು ಎಣಿಸುವುದು ಸಹಜ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ. ಬ್ರಿಟಿಷ್ ತಂತಿಯ ಗೇಜಿನಂತೆ ಇಪ್ಪತ್ತೆಂದರೆ ೦.೯೧ ಮಿಲಿಮೀಟರ್ ದಪ್ಪ, ಇಪ್ಪತ್ತನಾಲ್ಕೆಂದರೆ ೦.೫೬ ಮಾತ್ರ. ಸಂಖ್ಯೆ ಏರಿದಂತೆ ದಪ್ಪ ಇಳಿಯುತ್ತದೆ.

ಈ ವಿಪರೀತಕ್ಕೆ ಕಾರಣವಿಲ್ಲದಿಲ್ಲ. ಲೋಹದ ಸರಳನ್ನು ತೂತುಳ್ಳ ಅಚ್ಚಿನಲ್ಲಿ ತೂರಿಸಿ ಎಳೆದರೆ ತಂತಿಯಾಗುವುದು. ಅದನ್ನು ಇನ್ನೂ ಕಿರಿದಾದ ತೂತಿನಲ್ಲಿ ಎಳೆದರೆ ಇನ್ನೂ ಸಣ್ಣಗಾಗುವುದು. ಹೀಗೆ ಒಂದರ ಮೇಲೊಂದಾಗಿ ಎಷ್ಟು ಎಳೆತಗಳಾದುವೆಂಬ ಲೆಕ್ಕದಿಂದ ಈ ಅಂಕಿಗಳು ಹುಟ್ಟಿದುವು. ಅಂದರೆ ಅದು ಕೊಳ್ಳುವವನ ಲೆಕ್ಕವಲ್ಲ, ಎಳೆಯುವ ಕಮ್ಮಾರನ ಲೆಕ್ಕ. ಒಂದೊಂದು ಕಾರ್ಖಾನೆಗೆ ಒಂದೊಂದು ಗೇಜ್ ಇದ್ದು ಗಲಿಬಿಲಿಯಾದುದರಿಂದ ಬ್ರಿಟನ್ನಿನಲ್ಲಿ ೧೮೮೪ರಲ್ಲಿ ಒಂದನ್ನು ಶಾಸನಬದ್ಧ ಮಾಡಿದರು; ಅಮೆರಿಕದವರದು ಇಂದಿಗೂ ಬೇರೆ. ಬಂದೂಕಿನ ನಳಿಗೆಯ ಅಂಕಿಯೂ ಇದೇ ಜಾತಿಯದು. ಕೊಡಗಿನಲ್ಲಿ ‘ಹನ್ನೆರಡು ಬೋರ್’ ಎನ್ನುವುದನ್ನು ಅಮೆರಿಕದವರು ಹನ್ನೆರಡು ಗೇಜ್ ಎನ್ನುತ್ತಾರೆ. ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುವುವೆಂದು ಅದರ ಅರ್ಥ.

ಸರಿ, ದೊಡ್ಡ ಸಂಖ್ಯೆಯೆಂದರೆ ತೆಳುವೆಂದು ಕಲಿತುಕೊಂಡ ನಮ್ಮ ಗೃಹಸ್ಥನು ಮುಂದಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಕೇಳಿದನೆನ್ನಿ. ಅಲ್ಲಿಯೂ ಗೇಜೇ. ಆದರೆ ಇಲ್ಲಿ ನೂರು ಗೇಜೆಂದರೆ ಸುಮಾರು ೨೫ ಮೈಕ್ರಾನ್, ಇನ್ನೂರೆಂದರೆ ಸುಮಾರು ೫೦. ಸಂಖ್ಯೆ ಏರಿದಂತೆ ದಪ್ಪವೂ ಏರುತ್ತದೆ! ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಒಂದೇ ಮಾತು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದೆ. ಕೃಷಿಹೊಂಡಕ್ಕೆ ಹಾಳೆ ಹಾಸುವ ರೈತನು, ಹಸಿರುಮನೆ ಕಟ್ಟುವ ರೈತನು ಈ ಸುಳಿಯಲ್ಲಿ ಸಿಕ್ಕಿಬಿದ್ದರೆ ಆಶ್ಚರ್ಯವೇನು? ೨೦೦೯ರ ಕಾನೂನು ಮಾಪನಶಾಸ್ತ್ರದ ಕಾಯಿದೆಯು ಬೆಲೆಯನ್ನೂ ಅಳತೆಯನ್ನೂ ಮೆಟ್ರಿಕ್ ಮಾನದಲ್ಲಿಯೇ ಹೇಳತಕ್ಕದ್ದೆಂದು ವಿಧಿಸಿದೆ. ಆದುದರಿಂದ ‘ಎಷ್ಟು ಗೇಜ್?’ ಎಂದು ಕೇಳುವುದನ್ನು ಬಿಟ್ಟು ‘ಎಷ್ಟು ಮಿಲಿಮೀಟರ್? ಎಷ್ಟು ಮೈಕ್ರಾನ್? ರಶೀದಿಯಲ್ಲಿ ಬರೆದುಕೊಡಿ’ ಎಂದು ಕೇಳುವುದೇ ಗಿರಾಕಿಗೆ ಕ್ಷೇಮ. ಕೇಳುವುದಕ್ಕೆ ಸಂಕೋಚ ಬೇಡ. ಕೆಪ್ಲರನು ಮದುವೆಯ ಮನೆಯಲ್ಲಿಯೇ ಕೇಳಿದನು.

ಈ ಮಾತು ನಮ್ಮ ನಾಡಿಗೆ ಅತ್ಯಂತ ದುಬಾರಿಯಾಗಿ ಬಿದ್ದುದು ರೈಲಿನಲ್ಲಿ. ಅಲ್ಲಿ ಗೇಜೆಂದರೆ ಎರಡು ಕಂಬಿಗಳ ನಡುವಿನ ಅಂತರ, ಇಷ್ಟೇ. ಬ್ರಿಟನ್ನಿನಲ್ಲಿ ಸ್ಟೀಫನ್‌ಸನ್ನನ ೪ ಅಡಿ ೮½ ಅಂಗುಲಕ್ಕೂ ಬ್ರುನೆಲನ ಏಳಡಿಗೂ ದೊಡ್ಡ ಕಲಹವೇ ನಡೆದು, ೧೮೪೬ರಲ್ಲಿ ಪಾರ್ಲಿಮೆಂಟು ಮೊದಲನೆಯದನ್ನು ಎತ್ತಿಹಿಡಿಯಿತು. ಎರಡು ಬಗೆಯ ಕಂಬಿಗಳು ಕೂಡುವ ಗ್ಲಾಸ್ಟರಿನಲ್ಲಿ ಸಾಮಾನನ್ನೆಲ್ಲ ಒಂದು ಗಾಡಿಯಿಂದಿಳಿಸಿ ಮತ್ತೊಂದಕ್ಕೆ ಹೇರುವ ಕಷ್ಟವನ್ನು ಅವರು ಕಣ್ಣಾರೆ ಕಂಡಿದ್ದರು. ಹಾಗೆ ಕಂಡ ಮೇಲೂ ಇಲ್ಲಿ ಮಾಡಿದ್ದೇನು? ೧೮೫೩ರಲ್ಲಿ ಮುಂಬಯಿ-ಠಾಣೆಯ ನಡುವೆ ಐದೂವರೆ ಅಡಿಯ ಕಂಬಿಯನ್ನು ಹಾಕಿದರು. ೧೮೭೦ರ ಸುಮಾರಿಗೆ, ಲಾರ್ಡ್ ಮೇಯೊನ ಆಡಳಿತದಲ್ಲಿ, ಖರ್ಚು ಕಡಮೆಯಾಗಲೆಂದು ಕಿರಿಯ ಕಂಬಿಯನ್ನು ಗೊತ್ತುಮಾಡಿದರು. ದೇಶಕ್ಕೆ ಮೆಟ್ರಿಕ್ ಮಾನವನ್ನು ತರುವ ಆಲೋಚನೆ ಆಗ ಇದ್ದುದರಿಂದ ಅದನ್ನು ಸರಿಯಾಗಿ ಒಂದು ಮೀಟರಿಗೆ ನಿಲ್ಲಿಸಿದರು. ಮಾನವೇನೋ ಬರಲಿಲ್ಲ, ಅದಕ್ಕೆ ನಾವು ೧೯೫೬ರ ಕಾಯಿದೆಯವರೆಗೆ ಕಾಯಬೇಕಾಯಿತು. ಕಂಬಿ ಮಾತ್ರ ಮೀಟರಾಯಿತು.

೧೮೭೬-೭೮ರ ಮಹಾಕ್ಷಾಮವು ಕಳೆದ ಬಳಿಕ ನಮ್ಮಲ್ಲಿ ಹಬ್ಬಿದ ರೈಲುದಾರಿಗಳು ಬಹುಮಟ್ಟಿಗೆ ಈ ಮೀಟರ್ ಗೇಜಿನವೇ. ೧೮೬೪ರಲ್ಲಿಯೇ ಮದರಾಸಿನಿಂದ ಬೆಂಗಳೂರು ದಂಡಿಗೆ ಅಗಲ ಕಂಬಿ ಬಂದಿದ್ದಿತು. ೧೮೮೨ರಲ್ಲಿ ಬೆಂಗಳೂರು-ಮೈಸೂರಿಗೆ ಹಾಕಿದ್ದು ಕಿರಿಯ ಕಂಬಿ. ಗದಗಿನಿಂದ ಬಿಜಾಪುರದ ಮಾರ್ಗವಾಗಿ ಹೊಟಗಿಗೆ ಹೋದುದೂ ಕಿರಿದೇ. ಹೊಟಗಿಯಲ್ಲಿ ಅದಕ್ಕೆದುರಾದುದು ಮುಂಬಯಿ ದಾರಿಯ ಅಗಲ ಕಂಬಿ. ಗುಂತಕಲ್ಲಿನಲ್ಲಿಯೂ ಅದೇ ಕಥೆ. ಹತ್ತಿಯ ಅಂಡಿಗೆಯಾಗಲಿ ಜೋಳದ ಚೀಲವಾಗಲಿ ಇಂತಹ ಸಂಧಿಸ್ಥಾನಗಳಲ್ಲಿ ಕೂಲಿಗಳ ಬೆನ್ನೇರಿ ಗಾಡಿಯನ್ನು ಬದಲಾಯಿಸಬೇಕಾಗಿದ್ದಿತು. ಸರಕಾರವು ಕಂಬಿಯಲ್ಲಿ ಉಳಿಸಿದ ಹಣವನ್ನು ವರ್ತಕನೂ ರೈತನೂ ಕೂಲಿ, ಕಾಲಹರಣ, ಸೋರಿಹೋದ ಧಾನ್ಯಗಳ ರೂಪದಲ್ಲಿ ತೆತ್ತರು. ಕಿರಿಯ ಕಂಬಿಯಿಲ್ಲದಿದ್ದರೆ ಅನೇಕ ಊರುಗಳಿಗೆ ರೈಲೇ ಬಹುಕಾಲ ಬರುತ್ತಿರಲಿಲ್ಲವೆಂಬುದನ್ನೂ ನ್ಯಾಯದೃಷ್ಟಿಯಿಂದ ಒಪ್ಪತಕ್ಕದ್ದೇ. ಆದರೆ ಅದನ್ನು ಕಿತ್ತು ಅಗಲ ಮಾಡುವ ದೇಶವ್ಯಾಪಿ ಯೋಜನೆಯು ೧೯೯೨ರಲ್ಲಿ ಆರಂಭವಾಯಿತೆಂದರೆ, ಒಂದು ಅಂಗೀಕಾರದ ಸಾಲವನ್ನು ನೂರಿಪ್ಪತ್ತು ವರ್ಷಗಳ ಮೇಲೆ ತೀರಿಸತೊಡಗಿದಂತಾಯಿತು. ೨೦೧೧ರಲ್ಲಿ ಬೆಂಗಳೂರಿನಲ್ಲಿ ಓಡತೊಡಗಿದ ಮೆಟ್ರೋ ಗಾಡಿಯ ಕಂಬಿ ೧೪೩೫ ಮಿಲಿಮೀಟರ್, ಅಂದರೆ ಸ್ಟೀಫನ್‌ಸನ್ನನದು. ಆ ಗಾಡಿಯು ರೈಲ್ವೆಯ ೧೬೭೬ ಮಿಲಿಮೀಟರ್ ಕಂಬಿಯನ್ನೇರಲಾರದು.

ಕ್ರಿಯಾಪದವಾಗಿ ಇದರ ಬಳಕೆ ಬೇರೆ. ಜನರ ಮನಸ್ಸನ್ನು, ಎದುರಾಳಿಯ ಬಲವನ್ನು ‘ಗೇಜ್’ ಮಾಡುವುದೆಂದರೆ ನಮ್ಮ ಪತ್ರಿಕೆಗಳು ‘ಅಳೆಯುವುದು’ ಎಂದು ಬರೆದುಬಿಡುತ್ತವೆ. ಕೈಯಲ್ಲಿ ಸೇರೋ ಕೊಳಗವೋ ಇದ್ದಾಗ ಅಳೆಯುತ್ತೇವೆ. ಇಲ್ಲದಾಗ ಅಂದಾಜು ಮಾಡುತ್ತೇವೆ, ನಾಡಿ ನೋಡುತ್ತೇವೆ, ಆಳವನ್ನರಿಯುತ್ತೇವೆ. ಕನ್ನಡದಲ್ಲಿ ಈ ಭೇದ ಸ್ಪಷ್ಟವಾಗಿರುವಾಗ ಅದನ್ನು ಅಳಿಸಿಹಾಕುವುದು ಜಾಣತನವಲ್ಲ. ಊಹೆಗೆ ಅಳತೆಯ ವೇಷ ಹಾಕಿದಂತಾಗುತ್ತದೆ.

ಕೊನೆಯದಾಗಿ ಮಳೆಯ ಗೇಜ್. ಇದಕ್ಕೆ ‘ಮಳೆಮಾಪಕ’ ಎಂಬ ಒಳ್ಳೆಯ ಮಾತು ನಮ್ಮಲ್ಲಿ ರೂಢಿಯಾಗಿದೆ. ವಸ್ತುವೂ ಹೊಸದಲ್ಲ, ಕೋಷ್ಠಾಗಾರದಲ್ಲಿ ಮೊಳದಗಲದ ಬಾಯುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ವಿಧಿಯುಂಟು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಇಂದು ಗ್ರಾಮ ಪಂಚಾಯತಿಗಳಲ್ಲಿ ತಾನಾಗಿಯೇ ಅಂಕಿಗಳನ್ನು ಕಳುಹಿಸುವ ಮಳೆಮಾಪಕಗಳನ್ನು ನಿಲ್ಲಿಸಿದ್ದಾರೆ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಅಡಕೆ, ಕಾಳುಮೆಣಸಿನ ಬೆಳೆಗಾರನಿಗೆ ಪರಿಹಾರ ಸಲ್ಲುವುದೋ ಇಲ್ಲವೋ ಎಂಬುದು ಹೀಗೆ ದಾಖಲಾದ ಅಂಕಿಗಳ ಮೇಲೆ ನಿಂತಿದೆ. ತೋಟವನ್ನು ಕಣ್ಣಿಂದ ನೋಡಿ ಹೇಳುವ ತೀರ್ಪಲ್ಲ ಅದು. ಮಲೆನಾಡಿನಲ್ಲಿಯಾದರೋ ಗುಡ್ಡದ ಈಚೆ ಸುರಿದ ಮಳೆ ಆಚೆ ಸುರಿಯುವುದಿಲ್ಲ. ಮಾಪಕದ ಸಮೀಪದಲ್ಲಿ ಮರವೋ ಗೋಡೆಯೋ ಇದ್ದರೆ ಅಂಕಿಯೇ ತಪ್ಪುವುದು. ಅಂತಹ ಅಡ್ಡಿಯ ಎತ್ತರದ ಎರಡರಷ್ಟಾದರೂ ದೂರದಲ್ಲಿ ಅದು ನಿಂತಿರಬೇಕೆಂಬುದು ಹವಾಮಾನಶಾಸ್ತ್ರದ ನಿಯಮ. ತಮ್ಮ ಊರಿನ ಮಾಪಕವು ಎಲ್ಲಿ ನಿಂತಿದೆಯೆಂದು ಬೆಳೆಗಾರರು ಒಮ್ಮೆ ಹೋಗಿ ನೋಡಿಬರಲಿ. ಪಂಚಾಯತಿಯು ಪ್ರತಿದಿನದ ಅಂಕಿಯನ್ನು ಕಚೇರಿಯ ಹೊರಗಿನ ಹಲಗೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಕನ್ನಡದಲ್ಲಿ ಬರೆಯಿಸಲಿ.