ಪಿಕಪ್ ಗಾಡಿಯನ್ನು ಎತ್ತರಿಸುವ ಮುನ್ನ

ಮಂಡ್ಯದ ಬಳಿಯ ವಿ.ಸಿ. ಫಾರಂ ತನ್ನ ಹೆಸರನ್ನು ಪಡೆದುದು ವಿಶ್ವೇಶ್ವರಯ್ಯ ನಾಲೆಯಿಂದ. ಕನ್ನಂಬಾಡಿಯ ನೀರನ್ನು ತಂದು ಈ ಸೀಮೆಯನ್ನು ಬತ್ತ ಕಬ್ಬುಗಳ ನಾಡಾಗಿಸಿದ ಆ ನಾಲೆ, ಹೊಲಕ್ಕೆ ನೀರನ್ನು ಕೊಟ್ಟಂತೆಯೇ ಹೊಲದ ದಾರಿಗೆ ಕೆಸರನ್ನೂ ಕೊಟ್ಟಿದೆ. ಗದ್ದೆಯ ಬಯಲಿನಲ್ಲಿ ದಾರಿಯೆಂದರೆ ಬಹುಮಟ್ಟಿಗೆ ಎರಡು ಚಕ್ರದ ಜಾಡುಗಳು. ಅವುಗಳ ನಡುವೆ ಹುಲ್ಲು ಬೆಳೆದ ಒಂದು ದಿಣ್ಣೆ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಓಡಾಡಿದಷ್ಟೂ ಜಾಡು ಆಳವಾಗುತ್ತದೆ. ಆಲೆಮನೆಯಿಂದ ಬೆಲ್ಲವನ್ನು ಹೇರಿಕೊಂಡು ಮಾರುಕಟ್ಟೆಗೆ ಹೊರಟ ಪಿಕಪ್ ಗಾಡಿಯ ಹೊಟ್ಟೆ ಆ ದಿಣ್ಣೆಯ ಮೇಲೆ ಕುಳಿತುಬಿಟ್ಟರೆ, ಚಕ್ರಗಳು ಸುಮ್ಮನೆ ಸುತ್ತುತ್ತಿರುತ್ತವೆಯೇ ಹೊರತು ಗಾಡಿ ಗೇಣುದ್ದವೂ ಮುಂದೆ ಸಾಗದು.

ಆಗ ಮಾಲೀಕನಿಗೆ ತೋರುವ ಮೊದಲನೆಯ ಯೋಚನೆ, ಗಾಡಿಯನ್ನು ಸ್ವಲ್ಪ ಎತ್ತರಿಸಿಬಿಡಬೇಕೆಂಬುದು. ಅದಕ್ಕೆಂದೇ ‘ಲಿಫ್ಟ್ ಕಿಟ್’ ಎಂಬ ಸಾಮಾನುಗಳ ಕಟ್ಟು ಅಂಗಡಿಗಳಲ್ಲಿ ದೊರೆಯುತ್ತದೆ. ಅದರಿಂದ ನಿಜವಾಗಿ ಎತ್ತರವಾಗುವುದು ಯಾವುದು, ಅದಕ್ಕೆ ನಾವು ತೆರುವ ಬೆಲೆ ಯಾವುದು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಎತ್ತರವಾಗುವುದು ಯಾವುದು?

ಪಿಕಪ್ ಗಾಡಿಗಳ ಹಿಂಭಾಗದಲ್ಲಿ ಸಾಮಾನ್ಯವಾಗಿ ಎರಡು ಚಕ್ರಗಳನ್ನೂ ಕೂಡಿಸುವ ಒಂದೇ ಗಟ್ಟಿಯಾದ ಅಚ್ಚು ಇರುತ್ತದೆ. ಅದರ ನಡುವೆ ಗಡಿಗೆಯಂತೆ ಉಬ್ಬಿರುವ ಪೆಟ್ಟಿಗೆಯೇ ಡಿಫರೆನ್ಷಿಯಲ್. ಅಚ್ಚಿಗೂ ಚಾಸಿಗೂ ನಡುವೆ, ಬಿಲ್ಲಿನಂತೆ ಬಾಗಿದ ಉಕ್ಕಿನ ಕಮಾನುಪಟ್ಟಿಗಳ ಕಟ್ಟು ಭಾರವನ್ನು ಹೊತ್ತಿರುತ್ತದೆ. ಲಿಫ್ಟ್ ಕಿಟ್ಟು ಕೆಲಸಮಾಡುವುದು ಈ ಕಟ್ಟಿನ ಎಡೆಯಲ್ಲಿ. ಆದುದರಿಂದ ಅದು ಮೇಲಕ್ಕೆತ್ತುವುದು ಚಾಸಿಯನ್ನು, ಎಂಜಿನನ್ನು, ಹೊರೆಯ ತೊಟ್ಟಿಯನ್ನು. ಅಚ್ಚಾಗಲಿ ಡಿಫರೆನ್ಷಿಯಲ್ ಆಗಲಿ ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಏಕೆಂದರೆ ಅವು ನಿಂತಿರುವುದು ಚಕ್ರದ ಮೇಲೆ.

ದಿಣ್ಣೆಗೆ ಮೊದಲು ತಗಲುವುದು ಈ ಡಿಫರೆನ್ಷಿಯಲ್ಲೇ ಆಗಿದ್ದರೆ, ಹತ್ತು ಸೆಂಟಿಮೀಟರಿನ ಕಿಟ್ಟನ್ನು ಹಾಕಿಸಿದರೂ ಗಾಡಿ ಮೊದಲಿನ ಜಾಗದಲ್ಲಿಯೇ ಸಿಕ್ಕಿಕೊಳ್ಳುವುದು. ತಗಲುತ್ತಿರುವುದು ಮುಂದಿನ ಬಂಪರೋ ಚಾಸಿಯ ಅಡಿಯೋ ಆಗಿದ್ದರೆ ಮಾತ್ರ ಕಿಟ್ಟಿನಿಂದ ಫಲವುಂಟು. ಆದಕಾರಣ ಮೊದಲು ಗಾಡಿಯ ಅಡಿಯಲ್ಲಿ ಬಗ್ಗಿ, ಉಜ್ಜಿದ ಗಾಯ ಎಲ್ಲಿದೆಯೆಂದು ನೋಡತಕ್ಕದ್ದು.

ಎತ್ತಿನ ಗಾಡಿಯ ಪಾಠ

ಅಚ್ಚನ್ನು ಎತ್ತರಿಸುವ ದಾರಿ ಒಂದೇ: ದೊಡ್ಡ ಚಕ್ರ. ನಮ್ಮ ಹಳೆಯ ಎತ್ತಿನ ಗಾಡಿಗೆ ಆಳೆತ್ತರಕ್ಕೆ ಸಮೀಪವಾದ ಗಾಲಿಯನ್ನು ಕಟ್ಟಿದ ಬಡಗಿ ಇದನ್ನು ಬಲ್ಲವನಾಗಿದ್ದನು. ಹತ್ತು ಸೆಂಟಿಮೀಟರು ಎತ್ತರದ ಕಲ್ಲೊಂದನ್ನು ಏರಬೇಕೆಂದು ಇಟ್ಟುಕೊಳ್ಳೋಣ. ಒಂದೂವರೆ ಮೀಟರು ವ್ಯಾಸದ ಗಾಲಿಗೆ, ಅದು ಹೊತ್ತ ಭಾರದ ನೂರಕ್ಕೆ ೫೮ ಭಾಗದಷ್ಟು ಎಳೆತ ಸಾಕು. ೭೦ ಸೆಂಟಿಮೀಟರಿನ ಟೈರಿಗಾದರೋ ನೂರಕ್ಕೆ ೯೮ ಭಾಗ ಬೇಕು. ಎಂದರೆ ಹೊತ್ತ ಭಾರದಷ್ಟೇ ಎಳೆತ! ಟೈರಿನ ವ್ಯಾಸವನ್ನು ೭೫ ಸೆಂಟಿಮೀಟರಿಗೆ ಏರಿಸಿದರೆ ಎಳೆತ ೯೩ಕ್ಕೆ ಇಳಿಯುತ್ತದೆ. ಅಚ್ಚು ಎರಡೂವರೆ ಸೆಂಟಿಮೀಟರು ಮೇಲೇರುತ್ತದೆ.

ಲಾಭ ಸಣ್ಣದು, ಆದರೆ ನಿಜವಾದದ್ದು. ಲಿಫ್ಟ್ ಕಿಟ್ಟಿನ ಮುಖ್ಯ ಪ್ರಯೋಜನವೂ ಇಲ್ಲಿಯೇ ಇದೆ: ದೊಡ್ಡ ಟೈರು ಮೇಲಿನ ತಗಡಿಗೆ ಉಜ್ಜದಂತೆ ಅದು ಎಡೆಮಾಡಿಕೊಡುತ್ತದೆ. ದೊಡ್ಡ ಟೈರಿಗೂ ಅದರದೇ ಸುಂಕವುಂಟು. ಮೇಲಿನ ಉದಾಹರಣೆಯಲ್ಲಿ ಮುಳ್ಳು ೫೦ ಕಿಲೊಮೀಟರು ತೋರಿಸುವಾಗ ಗಾಡಿ ೫೩ಕ್ಕೂ ಮಿಗಿಲಾದ ವೇಗದಲ್ಲಿ ಓಡುತ್ತಿರುತ್ತದೆ. ಹೊರೆ ಹೊತ್ತು ಏರುವಾಗ ಎಂಜಿನಿನ ಎಳೆತವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಎತ್ತರಿಸುವ ಬಗೆಗಳು

ಹಿಂಭಾಗವನ್ನು ಎತ್ತರಿಸುವುದಕ್ಕೆ ಮೂರು ಬಗೆಗಳು ಬಳಕೆಯಲ್ಲಿವೆ. ಅಚ್ಚಿಗೂ ಕಮಾನುಪಟ್ಟಿಗೂ ನಡುವೆ ಉಕ್ಕಿನ ದಿಮ್ಮಿಯನ್ನಿಟ್ಟು ಉದ್ದನೆಯ ಯು-ಬೋಲ್ಟುಗಳಿಂದ ಬಿಗಿಯುವುದು ಅಗ್ಗದ ಉಪಾಯ. ಆದರೆ ಬ್ರೇಕು ಹಾಕಿದಾಗ ಅಚ್ಚು ತಿರುಚಿಕೊಳ್ಳಲು ಯತ್ನಿಸುವುದಷ್ಟೆ; ದಿಮ್ಮಿ ಎತ್ತರವಾದಷ್ಟೂ ಆ ತಿರುಚುವಿಕೆ ಪಟ್ಟಿಗಳನ್ನು ಹೆಚ್ಚಾಗಿ ದಂಡಿಸುತ್ತದೆ. ದಿಮ್ಮಿಯ ಮೇಲೆ ದಿಮ್ಮಿಯನ್ನು ಎಂದಿಗೂ ಪೇರಿಸಬಾರದು. ಬ್ರೇಕಿನ ಹೆಚ್ಚಿನ ಪಾಲನ್ನು ಹೊರುವ ಮುಂದಿನ ಅಚ್ಚಿಗಂತೂ ಈ ಉಪಾಯ ಸಲ್ಲದು.

ಎರಡನೆಯದು, ಕಟ್ಟಿಗೆ ಇನ್ನೊಂದು ಪಟ್ಟಿಯನ್ನು ಸೇರಿಸುವುದು. ಇದರಿಂದ ಬಿಲ್ಲು ಏರುತ್ತದೆ, ಬಿರುಸೂ ಆಗುತ್ತದೆ. ಸದಾ ಹೊರೆ ಹೊರುವ ಗಾಡಿಗೆ ಇದು ಒಗ್ಗೀತು. ಬರಿದಾಗಿ ಓಡುವಾಗ ಮಾತ್ರ ಚಕ್ರಗಳು ಕುಪ್ಪಳಿಸಿ ನೆಲದ ಹಿಡಿತವನ್ನು ಕಳೆದುಕೊಳ್ಳುತ್ತವೆ. ಮೂರನೆಯದು, ಬೇಕಾದ ಬಾಗು ಮತ್ತು ಬಿರುಸುಗಳಿರುವ ಹೊಸ ಕಟ್ಟನ್ನೇ, ಅದಕ್ಕೊಪ್ಪುವ ಉದ್ದದ ಷಾಕ್ ಅಬ್ಸಾರ್ಬರಿನೊಡನೆ ಹಾಕಿಸುವುದು. ದುಬಾರಿಯಾದರೂ ಮೂರರಲ್ಲಿ ಮೇಲಾದುದು ಇದು.

ಇಸುಜು ಡಿ-ಮ್ಯಾಕ್ಸ್, ಟೊಯೋಟಾ ಹೈಲಕ್ಸ್ ಮೊದಲಾದ ಗಾಡಿಗಳಲ್ಲಿ ಮುಂದಿನ ಚಕ್ರಗಳು ಒಂದಕ್ಕೊಂದು ಕಟ್ಟುಬೀಳದೆ ಸುರುಳಿ ಸ್ಪ್ರಿಂಗುಗಳ ಮೇಲೆ ಕುಣಿಯುತ್ತವೆ. ಇಲ್ಲಿ ಸ್ಪ್ರಿಂಗಿನ ಮೇಲೆ ಬಳೆಯೊಂದನ್ನಿಟ್ಟು ಎತ್ತರಿಸುವುದುಂಟು. ಹೀಗೆ ಮಾಡಿದಾಗ ಚಕ್ರ ಗುಣಿಯೊಳಕ್ಕೆ ಇಳಿಯುವ ಅವಕಾಶ ಅಷ್ಟರಮಟ್ಟಿಗೆ ಕಡಮೆಯಾಗಿ, ಕೀಲುಗಳು ಓರೆಯಾಗಿ ಬೇಗ ಸವೆಯುತ್ತವೆ. ಯಾವ ಬಗೆಯಲ್ಲಿ ಎತ್ತರಿಸಿದರೂ ಬ್ರೇಕಿನ ಕೊಳವೆಗಳ ಉದ್ದ, ಹಿಂದಿನ ಅಚ್ಚಿಗೆ ಶಕ್ತಿಯನ್ನು ಒಯ್ಯುವ ದಂಡದ ಓರೆ, ಚಕ್ರಗಳ ನೇರ, ದೀಪಗಳ ನೋಟ ಇವಿಷ್ಟನ್ನೂ ಮರಳಿ ಸರಿಪಡಿಸದೆ ಗಾಡಿಯನ್ನು ದಾರಿಗೆ ಇಳಿಸಕೂಡದು.

ಗುರುತ್ವಕೇಂದ್ರದ ಲೆಕ್ಕ

ಎತ್ತರಕ್ಕೆ ನಾವು ತೆರುವ ನಿಜವಾದ ಬೆಲೆ ಸ್ಥಿರತೆ. ಗಾಡಿಯ ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಗುಗುಂಡು ಎರಡು ಚಕ್ರಗಳ ನಡುವೆ ಬೀಳುವವರೆಗೆ ಗಾಡಿ ನಿಲ್ಲುತ್ತದೆ. ಹೊರಗೆ ಬಿದ್ದೊಡನೆ ಉರುಳುತ್ತದೆ. ಚಕ್ರಗಳ ನಡುವಣ ಅಗಲ ೧.೪ ಮೀಟರು, ಬೆಲ್ಲ ಹೇರಿದ ಗಾಡಿಯ ಗುರುತ್ವಕೇಂದ್ರದ ಎತ್ತರ ಒಂದು ಮೀಟರು ಎಂದು ಭಾವಿಸಿದರೆ, ಗಾಡಿ ಸುಮಾರು ೩೫ ಡಿಗ್ರಿಯವರೆಗೆ ವಾಲಬಹುದು. ಹತ್ತು ಸೆಂಟಿಮೀಟರು ಎತ್ತರಿಸಿದರೆ ಈ ಮಿತಿ ೩೨ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಗುರವಾದ ಆದರೆ ಎತ್ತರವಾದ ಹೊರೆಯನ್ನು ಪೇರಿಸಿ ಕೇಂದ್ರ ೧.೪ ಮೀಟರಿಗೆ ಹೋದರೆ, ಮಿತಿ ೨೭ ಡಿಗ್ರಿಗೂ ಕಡಮೆ. ಕಾಗದದ ಮೇಲಿನ ಲೆಕ್ಕವಿದು. ದಾರಿಯಲ್ಲಿ ತಗ್ಗಿನ ಕಡೆಯ ಸ್ಪ್ರಿಂಗು ಕುಗ್ಗುವುದರಿಂದಲೂ ತಿರುವಿನಲ್ಲಿ ಹೊರೆ ಹೊರಕ್ಕೆ ತಳ್ಳುವುದರಿಂದಲೂ ಗಾಡಿ ಇನ್ನೂ ಮೊದಲೇ ಉರುಳುತ್ತದೆ.

ಬಯಲುಸೀಮೆಯ ಅಗಲವಾದ ರಸ್ತೆಯಲ್ಲಿ ಈ ಎರಡು ಮೂರು ಡಿಗ್ರಿ ಅಲ್ಪವೆನಿಸಬಹುದು. ಆದರೆ ನಮ್ಮ ದಾರಿಗಳು ಸಾಗುವುದು ನಾಲೆಯ ಏರಿಯ ಮೇಲೆ. ಒಂದು ಬದಿಯಲ್ಲಿ ನೀರು, ಇನ್ನೊಂದು ಬದಿಯಲ್ಲಿ ಗದ್ದೆಯ ತಗ್ಗು. ೨೦೧೮ರ ನವೆಂಬರ್ ೨೪ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ವಿಶ್ವೇಶ್ವರಯ್ಯ ನಾಲೆಗೆ ಉರುಳಿ ೩೦ ಮಂದಿ ಅಸುನೀಗಿದರು. ಆ ದುರಂತಕ್ಕೂ ಗಾಡಿ ಎತ್ತರಿಸುವುದಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಏರಿಯ ಮೇಲೆ ಅಂಚು ತಪ್ಪಿದ ಚಕ್ರಕ್ಕೆ ಮರಳಿ ಬರುವ ಅವಕಾಶ ಎಷ್ಟು ಕಡಮೆಯೆಂಬುದನ್ನು ಮಾತ್ರ ಅದು ನಮಗೆ ಮರೆಯಲಾಗದಂತೆ ತಿಳಿಸಿದೆ.

ಆಯ್ಕೆಯ ಕ್ರಮ

ಕಾನೂನನ್ನೂ ಇಲ್ಲಿ ನೆನೆಯಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಹೊಂದದಂತಾಗುವ ಮಾರ್ಪಾಟನ್ನು ಮಾಲೀಕನು ಮಾಡಕೂಡದು. ಆದುದರಿಂದ ಹಣ ತೆರುವ ಮುನ್ನವೇ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ಜಾಣತನ. ಪಟ್ಟಿ ಬಿರುಸಾಯಿತೆಂದು ಹೊರೆಯ ಮಿತಿಯೇನೂ ಹೆಚ್ಚುವುದಿಲ್ಲ. ಅಚ್ಚು, ಬ್ರೇಕು, ಟೈರುಗಳು ಹಳೆಯವೇ ಅಲ್ಲವೆ?

ಇನ್ನು ಕ್ರಮ. ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ತಗಡಿನ ಅಂಚಿನವರೆಗೆ ನಾಲ್ಕು ಕಡೆಯೂ ಅಳೆಯಿರಿ. ಬರಿದಾಗಿದ್ದಾಗ ಒಮ್ಮೆ, ಹೊರೆಯಿದ್ದಾಗ ಒಮ್ಮೆ. ಹಳೆಯ ಗಾಡಿಯಲ್ಲಿ ಅನೇಕ ವೇಳೆ ಪಟ್ಟಿಗಳು ಸೋತು ಕುಸಿದಿರುತ್ತವೆ. ಅವನ್ನು ಮೊದಲಿನ ಬಾಗಿಗೆ ತಂದರೆ ಕಳೆದುಹೋದ ಎತ್ತರವೇ ಮರಳಿ ಬರುತ್ತದೆ. ಅಷ್ಟರಿಂದ ಸಾಲದಿದ್ದರೆ, ತಯಾರಕರು ಒಪ್ಪಿರುವ ಟೈರುಗಳಲ್ಲಿ ದೊಡ್ಡದನ್ನು ಹಾಕಿಸಿರಿ. ಅದೂ ಸಾಲದೆಂದು ಕಂಡಾಗ ಮಾತ್ರ, ಆ ಗಾಡಿಗೂ ಅದು ನಿತ್ಯ ಹೊರುವ ಭಾರಕ್ಕೂ ಹೊಂದುವ, ಅಗತ್ಯಕ್ಕಿಂತ ಒಂದಂಗುಲವೂ ಹೆಚ್ಚಿಲ್ಲದ ಕಿಟ್ಟನ್ನು ಯೋಚಿಸಿರಿ.

ಇವೆಲ್ಲಕ್ಕಿಂತ ಸುಲಭವಾದ ಉಪಾಯವೊಂದು ಉಳಿದಿದೆ. ನೆರೆಹೊರೆಯ ನಾಲ್ವರು ರೈತರು ಸೇರಿ, ದಾರಿಯ ನಡುವಣ ದಿಣ್ಣೆಯನ್ನು ಒಂದು ದಿನ ಗುದ್ದಲಿಯಿಂದ ಕೆತ್ತಿ ಜಾಡಿಗೆ ಗರಸು ತುಂಬಿದರೆ, ಆ ದಾರಿಯಲ್ಲಿ ಓಡುವ ಎಲ್ಲ ಗಾಡಿಗಳೂ ಒಮ್ಮೆಗೇ ಎತ್ತರವಾಗುತ್ತವೆ. ಒಂದರ ಗುರುತ್ವಕೇಂದ್ರವೂ ಏರುವುದಿಲ್ಲ.