ಹರೆಯದ ಉಸಿರು: ಮಕ್ಕಳ ತೂಕ, ವ್ಯಾಯಾಮ ಮತ್ತು ಶ್ವಾಸಕೋಶ

ಜಾತ್ರೆಯ ದಿನ ಪಲ್ಲಕ್ಕಿಯ ಜೊತೆ ನಡೆಯುವವರನ್ನು ಒಮ್ಮೆ ಗಮನಿಸಿರಿ. ಅರವತ್ತು ದಾಟಿದ ರೈತನೊಬ್ಬ ಹೆಗಲಿಗೆ ಡೊಳ್ಳು ಕಟ್ಟಿಕೊಂಡು ಅಗಸಿಬಾಗಿಲಿನಿಂದ ಗುಡಿಯವರೆಗೆ ಬಾರಿಸುತ್ತಲೇ ಬರುತ್ತಾನೆ. ಹದಿನಾಲ್ಕರ ಮೊಮ್ಮಗನೋ ಅರ್ಧ ದಾರಿಯಲ್ಲಿಯೇ ಕಟ್ಟೆಯ ಮೇಲೆ ಕುಳಿತು ಏದುಸಿರು ಬಿಡುತ್ತಾನೆ. "ಬೆಳೆಯುವ ಹುಡುಗ, ಮುಂದೆ ಎಲ್ಲವೂ ಸರಿಹೋಗುತ್ತದೆ" ಎಂದು ಮನೆಯವರು ಸಮಾಧಾನ ತಂದುಕೊಳ್ಳುತ್ತಾರೆ. ಶ್ವಾಸಕೋಶದ ವಿಷಯದಲ್ಲಿ ಈ ಸಮಾಧಾನ ಪೂರ್ತಿ ಸರಿಯಲ್ಲ. ಅದು ಬೆಳೆಯುವುದಕ್ಕೆ ಒಂದು ಕಾಲವಿದೆ. ಆ ಕಾಲ ಮುಗಿದ ಮೇಲೆ ಅದು ಬೆಳೆಯುವುದಿಲ್ಲ.

ನಮ್ಮ ಎದೆಗೂಡಿನಲ್ಲಿರುವ ಎರಡು ಶ್ವಾಸಕೋಶಗಳಲ್ಲಿ ಮೂವತ್ತರಿಂದ ಐವತ್ತು ಕೋಟಿಯಷ್ಟು ಸೂಕ್ಷ್ಮ ಗಾಳಿಗೂಡುಗಳಿವೆ. ಅವುಗಳ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಅಂದರೆ ಒಂದು ಸಾಧಾರಣ ಮನೆಯ ನೆಲದಷ್ಟು. ಶ್ವಾಸಕೋಶವು ಎತ್ತರದ ಜೊತೆಗೆ ಬೆಳೆಯುತ್ತದೆ. ಹೆಣ್ಣುಮಕ್ಕಳಲ್ಲಿ ಸುಮಾರು 18ರವರೆಗೆ, ಗಂಡುಮಕ್ಕಳಲ್ಲಿ 20 ದಾಟುವವರೆಗೆ ಅದರ ಸಾಮರ್ಥ್ಯ ಏರುತ್ತಲೇ ಇರುತ್ತದೆ. ಕೆಲವು ವರ್ಷ ಅದೇ ಮಟ್ಟದಲ್ಲಿ ನಿಂತು, ಆಮೇಲೆ ವರ್ಷವರ್ಷವೂ ಸ್ವಲ್ಪಸ್ವಲ್ಪವೇ ಇಳಿಯುತ್ತದೆ. ನಮ್ಮ ಹಿರಿಯರು ಸುಗ್ಗಿಯಲ್ಲಿ ಹಗೇವು ತುಂಬಿ ವರ್ಷವಿಡೀ ಅದರಿಂದ ಜೋಳ ತೆಗೆಯುತ್ತಿದ್ದರು. ಹರೆಯವು ಉಸಿರಿನ ಸುಗ್ಗಿ. ಆಗ ತುಂಬಿದಷ್ಟೇ ಮುಪ್ಪಿನಲ್ಲಿ ಉಣ್ಣಲು ಉಳಿಯುತ್ತದೆ.

ಈ ಸಾಮರ್ಥ್ಯವನ್ನು ವೈದ್ಯರು ಸ್ಪೈರೋಮೀಟರ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಪೂರ್ತಿ ಉಸಿರೆಳೆದುಕೊಂಡು ರಭಸದಿಂದ ಊದಿದಾಗ ಒಟ್ಟು ಎಷ್ಟು ಗಾಳಿ ಹೊರಬಂತು ಎಂಬುದು ಮೊದಲನೆಯ ಅಳತೆ. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿಯೇ ಬಂದುದೆಷ್ಟು ಎಂಬುದು ಎರಡನೆಯದು. ಮೊದಲನೆಯದು ಚೀಲದ ಗಾತ್ರವನ್ನು ತಿಳಿಸಿದರೆ, ಎರಡನೆಯದು ಕೊಳವೆಗಳು ಎಷ್ಟು ತೆರೆದಿವೆ ಎಂಬುದನ್ನೂ ತಿಳಿಸುತ್ತದೆ.

ತೂಕ ಹೆಚ್ಚಾದಾಗ

ಹೊಟ್ಟೆ ಮತ್ತು ಎದೆಯ ಸುತ್ತ ಕೊಬ್ಬು ಸೇರಿದಾಗ ಶ್ವಾಸಕೋಶದ ಕೆಳಗಿರುವ ವಪೆ ಎಂಬ ಸ್ನಾಯು ಸರಾಗವಾಗಿ ಕೆಳಗಿಳಿಯಲಾರದು. ಉಸಿರು ಮೇಲುಮೇಲಕ್ಕೆ ಆಡತೊಡಗುತ್ತದೆ. ಅಷ್ಟೇ ಗಾಳಿಗೆ ಹೆಚ್ಚು ದುಡಿಮೆ ಬೇಕಾಗುತ್ತದೆ. ಹರೆಯದವರಲ್ಲಿ ಇನ್ನೊಂದು ವಿಚಿತ್ರವೂ ಉಂಟು. ದಪ್ಪಗಿರುವ ಮಕ್ಕಳು ಅನೇಕ ವೇಳೆ ಬೇಗ ಎತ್ತರ ಬೆಳೆಯುತ್ತಾರೆ, ಅವರ ಒಟ್ಟು ಉಸಿರಿನ ಅಳತೆ ಸರಿಯಾಗಿಯೇ ಕಾಣುತ್ತದೆ. ಆದರೆ ಚೀಲ ಬೆಳೆದಷ್ಟು ಕೊಳವೆಗಳು ಅಗಲವಾಗಿರುವುದಿಲ್ಲ. ದೊಡ್ಡ ಬಾವಿಗೆ ಸಣ್ಣ ಪೈಪು ಹಾಕಿದಂತೆ, ಮೊದಲ ಸೆಕೆಂಡಿನಲ್ಲಿ ಬರಬೇಕಾದ ಪಾಲು ಕಡಿಮೆಯಾಗುತ್ತದೆ. ಉಬ್ಬಸ ಇಂಥ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ತೂಕ ಕಡಿಮೆಯಾದಾಗ

ನಮ್ಮ ಭಾಗದಲ್ಲಿ ದಪ್ಪ ಮಕ್ಕಳಿಗಿಂತ ಬಡಕಲು ಮಕ್ಕಳ ಚಿಂತೆ ಹಳೆಯದು. ತೆಳ್ಳಗಿದ್ದರೆ ಉಸಿರು ಹಗುರ ಎಂಬ ನಂಬಿಕೆ ತಪ್ಪು. ಉಸಿರಾಡಿಸುವುದೂ ಸ್ನಾಯುವಿನ ಕೆಲಸವೇ. ಬೇಳೆಕಾಳು, ಹಾಲು ಸಾಲದೆ ಮೈ ಸೊರಗಿದಾಗ ವಪೆಯೂ ಪಕ್ಕೆಲುಬಿನ ನಡುವಣ ಸ್ನಾಯುಗಳೂ ಸೊರಗುತ್ತವೆ, ಒಟ್ಟು ಉಸಿರಿನ ಅಳತೆ ಕುಗ್ಗುತ್ತದೆ. ಇದರ ಜೊತೆಗೆ ರಕ್ತಹೀನತೆಯಿದ್ದರೆ, ಶ್ವಾಸಕೋಶ ಸರಿಯಾಗಿದ್ದರೂ ಪ್ರಾಣವಾಯುವನ್ನು ಹೊತ್ತೊಯ್ಯುವ ರಕ್ತವೇ ದುರ್ಬಲವಾಗಿರುತ್ತದೆ. ಮೆಟ್ಟಿಲು ಹತ್ತುವಾಗ ಏದುವ ಎಷ್ಟೋ ಹೆಣ್ಣುಮಕ್ಕಳ ಕಷ್ಟದ ಮೂಲ ಇದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವರು ಎಸೆಯದಂತೆ ತಾಯಂದಿರು ನೋಡಿಕೊಳ್ಳಬೇಕು.

ತಕ್ಕಡಿ ಹೇಳದ ಮಾತು

ಹಾಗಾದರೆ ತೂಕ ಸರಿಯಾಗಿದ್ದರೆ ಸಾಕೇ? ಸಾಲದು. ತಕ್ಕಡಿಯು ಮೈಯ ಭಾರವನ್ನು ಹೇಳುತ್ತದೆ, ಕಸುವನ್ನು ಹೇಳುವುದಿಲ್ಲ. ಸ್ವಲ್ಪ ದಪ್ಪಗಿದ್ದರೂ ದಿನವೂ ಓಡಾಡುವ ಹುಡುಗನ ಉಸಿರು, ತೂಕ ಸರಿಯಿದ್ದೂ ಮೊಬೈಲ್ ಹಿಡಿದು ಕುಳಿತೇ ಇರುವವನ ಉಸಿರಿಗಿಂತ ಗಟ್ಟಿಯಾಗಿರಬಹುದು.

ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಪರೀಕ್ಷಿಸುತ್ತ ಬಂದಿದ್ದಾರೆ. ಆ ಮಾಹಿತಿಯನ್ನೂ ಡೆನ್ಮಾರ್ಕಿನ ಮಕ್ಕಳ ಮಾಹಿತಿಯನ್ನೂ ಜೊತೆಗಿಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ದೈಹಿಕ ಕ್ಷಮತೆ ಹೆಚ್ಚಿದ್ದವರಿಗೆ, ಬೆಳೆಯುತ್ತ ಅದನ್ನು ಹೆಚ್ಚಿಸಿಕೊಂಡವರಿಗೆ, ದೊಡ್ಡವರಾದಾಗ ಉಸಿರಿನ ಸಾಮರ್ಥ್ಯವೂ ಹೆಚ್ಚಾಗಿತ್ತು. ಎತ್ತರ, ತೂಕ, ಉಬ್ಬಸ, ಧೂಮಪಾನಗಳ ಲೆಕ್ಕ ತೆಗೆದ ಮೇಲೂ ಈ ಸಂಬಂಧ ಉಳಿಯಿತು. ಅಂತರ ಬಹು ದೊಡ್ಡದಲ್ಲ. ಆದರೆ ಜೀವನಪೂರ್ತಿ ಬಳಸುವ ಗಂಟಿನಲ್ಲಿ ಸಣ್ಣ ಕೂಡಿಕೆಗೂ ಬೆಲೆಯಿದೆ.

ನಮ್ಮ ಜಿಲ್ಲೆಯಲ್ಲಿಯೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. ವಿಜಯಪುರದ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜಿನ ಸಂಶೋಧಕರು ವಸತಿ ಶಾಲೆಯ ಮಕ್ಕಳನ್ನೂ ಮನೆಯಿಂದ ಶಾಲೆಗೆ ಬರುವ ಮಕ್ಕಳನ್ನೂ ಮೆಟ್ಟಿಲು ಹತ್ತಿಸಿ, ಇಳಿಸಿ, ಆಮೇಲೆ ನಾಡಿಬಡಿತ ಎಷ್ಟು ಬೇಗ ಶಾಂತವಾಗುತ್ತದೆಂದು ನೋಡಿ ಹೋಲಿಸಿದರು. ವಸತಿ ಶಾಲೆಯ ಮಕ್ಕಳ ದೈಹಿಕ ಕ್ಷಮತೆ ಹೆಚ್ಚಾಗಿತ್ತು. ನಿಯಮಿತ ವ್ಯಾಯಾಮ, ಹೊತ್ತಿಗೆ ಸರಿಯಾದ ಊಟ ಇವೆರಡೂ ಮನೆಯಲ್ಲಿಯೂ ಸಾಧ್ಯವಾದವುಗಳೇ.

ಮನೆಯಲ್ಲಿ ಮಾಡಬೇಕಾದುದು

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ಯಂತ್ರಗಳಾಗಲಿ ಹಣವಾಗಲಿ ಬೇಕಿಲ್ಲ. ಕಬಡ್ಡಿ, ಖೊಖೊ, ಗರಡಿಮನೆಯ ಸಾಮು, ಹೊಲದ ಕೆಲಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವಿಜಯಪುರ ಜಿಲ್ಲೆ ನಾಡಿಗೆ ಹೆಸರಾಂತ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲನ್ನು ಮಕ್ಕಳ ಕೈಗೆ ಕೊಡಿರಿ; ಶಾಲೆಗೆ ಬೈಕಿನಲ್ಲಿ ಬಿಡುವುದನ್ನು ನಿಲ್ಲಿಸಿರಿ. ಎಷ್ಟು ವೇಗ ಸಾಕು? ಮಾತನಾಡಲು ಸಾಧ್ಯವಿದ್ದು ಹಾಡಲು ಸಾಧ್ಯವಾಗದಿದ್ದರೆ ಆ ವೇಗ ಸರಿ. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಮುಂಜಾನೆ ಅಥವಾ ಸಂಜೆಯೇ ಯೋಗ್ಯ ಸಮಯ.

ಹೆಣ್ಣುಮಕ್ಕಳ ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಹನ್ನೆರಡು, ಹದಿಮೂರರ ವಯಸ್ಸಿಗೆ ಮೈನೆರೆಯುತ್ತಲೇ ಅನೇಕ ಮನೆಗಳಲ್ಲಿ ಅವರ ಆಟ ನಿಲ್ಲುತ್ತದೆ. ಅವರ ಶ್ವಾಸಕೋಶದ ಸುಗ್ಗಿ ಮುಗಿಯುವುದು ಗಂಡುಮಕ್ಕಳಿಗಿಂತ ಮೊದಲು. ಇರುವ ಐದಾರು ವರ್ಷಗಳನ್ನೂ ಒಳಮನೆಯಲ್ಲಿ, ಒಲೆಯ ಹೊಗೆಯಲ್ಲಿ ಕಳೆದರೆ ನಷ್ಟ ಬದುಕಿಡೀ ಉಳಿಯುತ್ತದೆ. ಮಗಳಿಗೆ ಓಡಲು ಅಂಗಳ ಕೊಡುವುದೂ ಒಂದು ಬಳುವಳಿಯೇ.

ಊಟದಲ್ಲಿ ಹೊಸದೇನೂ ಬೇಕಿಲ್ಲ. ಜೋಳದ ರೊಟ್ಟಿ, ಮಡಕಿಕಾಳು ಅಥವಾ ಹೆಸರಿನ ಪಲ್ಯ, ಶೇಂಗಾ ಮತ್ತು ಅಗಸಿ ಹಿಂಡಿ, ಹಸಿ ತಪ್ಪಲು, ಮೊಸರು: ಇವು ಬಡಕಲು ಮಗುವಿಗೂ ದಪ್ಪ ಮಗುವಿಗೂ ಒಳ್ಳೆಯವು. ಬಿಡಬೇಕಾದವು ಅಂಗಡಿಯ ಕುರುಕಲು, ಬಾಟಲಿಯ ಸಿಹಿ ಪಾನೀಯ. ಬೆಳೆಯುವ ಮಕ್ಕಳನ್ನು ಉಪವಾಸ ಕೆಡವಿ ತೂಕ ಇಳಿಸುವುದು ಸಲ್ಲದು. ಎತ್ತರ ಬೆಳೆಯುತ್ತ ತೂಕ ಏರದಂತೆ ನೋಡಿಕೊಂಡರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ದಪ್ಪ ಮಗುವನ್ನು ನಾಲ್ವರ ಎದುರು ಹಾಸ್ಯ ಮಾಡಿದರೆ ಅದು ಆಟದ ಬಯಲಿನಿಂದ ಇನ್ನಷ್ಟು ದೂರ ಸರಿಯುತ್ತದೆ.

ವೈದ್ಯರ ಬಳಿಗೆ ಯಾವಾಗ?

ಓಡಿದ ಮೇಲೆ ಎದೆಯಲ್ಲಿ ಸುಂಯ್‌ಗುಟ್ಟುವ ಸದ್ದು, ರಾತ್ರಿಯ ಕೆಮ್ಮು, ಆಟದ ನಡುವೆ ಎದೆನೋವು ಅಥವಾ ತಲೆಸುತ್ತು ಕಂಡರೆ ತಡಮಾಡಬಾರದು. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುತ್ತಿರುವ ತೂಕ ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಉಬ್ಬಸವಿರುವ ಮಗುವನ್ನು ಆಟದಿಂದ ಪೂರ್ತಿ ದೂರ ಇಡುವುದು ತಪ್ಪು. ವೈದ್ಯರು ಹೇಳಿದ ಔಷಧಿಯನ್ನು ಸರಿಯಾಗಿ ಬಳಸಿದರೆ ಬಹುತೇಕ ಮಕ್ಕಳು ಎಲ್ಲರಂತೆ ಆಡಬಲ್ಲರು.

ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವರು ಹುಟ್ಟಿದ ಊರು. ಬಟ್ಟೆಯ ಗಂಟು ಹೊತ್ತು, ಬಂಡೆಗೆ ಒಗೆದು ಕಾಯಕ ಮಾಡಿದ ಆ ಶರಣರಿಗೆ ದುಡಿಯುವ ಮೈ ಬೇರೆ, ಪೂಜಿಸುವ ಮೈ ಬೇರೆ ಆಗಿರಲಿಲ್ಲ. ಆ ನೆಲದ ಮಕ್ಕಳು ಹತ್ತು ಹೆಜ್ಜೆಗೆ ಏದುವಂತಾಗಬಾರದು. ಇಂದು ಸಂಜೆಯೇ ಮಕ್ಕಳನ್ನು ಕರೆದುಕೊಂಡು ಊರ ಹೊರಗಿನವರೆಗೆ ಬಿರುಸಾಗಿ ನಡೆದು ಬನ್ನಿರಿ. ಅವರ ಉಸಿರನ್ನೂ ನಿಮ್ಮ ಉಸಿರನ್ನೂ ಗಮನಿಸಿರಿ.