ಮಲೆನಾಡಿನ ಒಂಟಿಮನೆಗೆ ವಿದ್ಯುತ್ತು

1902ರಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ಸಾಗಬಲ್ಲ ಶಕ್ತಿಗೆ ಮಲೆನಾಡಿನ ಕಣಿವೆಯೊಂದರ ಕೊನೆಯ ಮನೆಯವರೆಗೆ ಎರಡು ಕಿಲೋಮೀಟರು ಸಾಗುವುದು ಏಕೆ ದುಸ್ತರವಾಗುತ್ತದೆ? ಈ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸೋಣ.

ಉತ್ತರವು ಓಮನ ನಿಯಮದಲ್ಲಿಯೇ ಅಡಗಿದೆ. ಗಣಿಗೆ ಹೋದ ವಿದ್ಯುತ್ತನ್ನು ಬಹಳ ಹೆಚ್ಚಿನ ವೋಲ್ಟೇಜಿಗೆ ಏರಿಸಲಾಗಿತ್ತು. ಪ್ರವಾಹವು ಅಲ್ಪವಾದುದರಿಂದ ತಂತಿಯಲ್ಲಿನ ನಷ್ಟವೂ ಮಿತವಾಗಿತ್ತು. ಒಂಟಿಮನೆಗಾದರೋ ಊರಿನ ಟ್ರಾನ್ಸ್‌ಫಾರ್ಮರಿನಿಂದ 230 ವೋಲ್ಟಿನಲ್ಲಿಯೇ ತಂತಿ ಎಳೆಯುವುದು ವಾಡಿಕೆ. ತಂತಿಯ ರೋಧವು ಕಿಲೋಮೀಟರಿಗೆ 1.4 ಓಮ್ ಎಂದಿಟ್ಟುಕೊಂಡರೆ, ಹೋಗಿಬರುವ 4 ಕಿಲೋಮೀಟರಿಗೆ 5.6 ಓಮ್ ಆಗುತ್ತದೆ. ದೀಪಗಳು 1 ಆಂಪಿಯರ್ ಸೆಳೆದಾಗ ಕುಸಿಯುವುದು 5.6 ವೋಲ್ಟು ಮಾತ್ರ. ಅದು ಯಾರ ಗಮನಕ್ಕೂ ಬಾರದು. ಅಡಕೆತೋಟದ ಪಂಪು 10 ಆಂಪಿಯರ್ ಸೆಳೆದೊಡನೆ 56 ವೋಲ್ಟು ಕುಸಿದು 174 ಉಳಿಯುತ್ತದೆ. ಮೋಟಾರು ಕಾದು ಸುಡುವ ಅಪಾಯವಿದೆ. ಹೆಚ್ಚಿನ ವೋಲ್ಟೇಜಿನ ತಂತಿಯನ್ನೂ ಪ್ರತ್ಯೇಕ ಟ್ರಾನ್ಸ್‌ಫಾರ್ಮರನ್ನೂ ಅಲ್ಲಿಗೇ ಒಯ್ದರೆ ಕೊರತೆ ನೀಗುವುದು ನಿಜ. ಆದರೆ ಅಷ್ಟು ವೆಚ್ಚವೂ ಒಂದೇ ಮನೆಗಾಗಿ.

ಇಂತಹ ಮನೆ ಲೆಕ್ಕದಲ್ಲಿ ಮರೆಯಾಗುವುದೂ ಸುಲಭ. 2004ರ ವ್ಯಾಖ್ಯೆಯಂತೆ, ಸಾರ್ವಜನಿಕ ಸ್ಥಳಗಳಿಗೂ ನೂರಕ್ಕೆ 10 ಮನೆಗಳಿಗೂ ಸಂಪರ್ಕ ದೊರೆತರೆ ಇಡೀ ಗ್ರಾಮವು ವಿದ್ಯುದೀಕರಣಗೊಂಡಂತೆ. 2018ರ ಏಪ್ರಿಲಿನಲ್ಲಿ ದೇಶದ ಎಲ್ಲ ಗ್ರಾಮಗಳಿಗೂ ವಿದ್ಯುತ್ತು ತಲುಪಿತೆಂದು ಸಾರಿದಾಗ ಬಳಸಿದ ಅಳತೆಗೋಲು ಇದೇ.

ಮನೆಯ ಮೇಲ್ಗಡೆ ಹಳ್ಳವೊಂದು ಹರಿಯುತ್ತಿದ್ದರೆ ಬೇರೆ ದಾರಿಯುಂಟು. 20 ಮೀಟರು ಎತ್ತರದಿಂದ ಸೆಕೆಂಡಿಗೆ 10 ಲೀಟರು ನೀರು ಕೊಳವೆಯಲ್ಲಿ ಇಳಿದರೆ ಅದರ ಸಾಮರ್ಥ್ಯ ಸುಮಾರು 1,960 ವಾಟ್. ಟರ್ಬೈನು, ಜನರೇಟರುಗಳ ನಷ್ಟ ಕಳೆದು ಅರ್ಧವೇ ದಕ್ಕಿದರೂ ಸುಮಾರು 1 ಕಿಲೋವಾಟ್, ಅಂದರೆ ದಿನಕ್ಕೆ 24 ಯೂನಿಟ್ಟು. ಇದು ಅಲ್ಪವಲ್ಲ. ತೊಡಕು ಬೇರೆಡೆ ಇದೆ. ನೀರು ಒಂದೇ ಸಮನೆ ಹರಿಯುತ್ತದೆ, ಬಳಕೆ ಮಾತ್ರ ಏರಿಳಿಯುತ್ತದೆ. ದೀಪಗಳನ್ನು ಆರಿಸಿದೊಡನೆ ಹೊರೆ ತಗ್ಗಿ ಟರ್ಬೈನಿನ ವೇಗವೂ ವೋಲ್ಟೇಜೂ ಏರುವುವು. ಆದುದರಿಂದ ಮಿಕ್ಕ ವಿದ್ಯುತ್ತನ್ನು ನೀರು ಕಾಯಿಸುವ ಸುರುಳಿಗೆ ತಾನಾಗಿ ತಿರುಗಿಸುವ ನಿಯಂತ್ರಕವೊಂದು ಬೇಕು. ಬಚ್ಚಲಿನ ಹಂಡೆಗೆ ದಿನವೂ ಸೌದೆ ಉರಿಸುವ ಮನೆಯಲ್ಲಿ ಇದನ್ನು ನಷ್ಟವೆನ್ನಲು ನಮಗೆ ಮನಸ್ಸಾಗದು.

ಮಳೆಗಾಲದಲ್ಲಿ ಮರ ಬಿದ್ದು ಊರಿನ ತಂತಿ ಕಡಿದಾಗಲೇ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಬೇಸಗೆಯಲ್ಲಿ ಅದು ಸೊರಗುತ್ತದೆ. ಹರಿವನ್ನು ಅಳೆಯಬೇಕಾದುದು ಆಷಾಢದಲ್ಲಲ್ಲ, ವೈಶಾಖದಲ್ಲಿ. ಆಗ ನೀರು ಸೆಕೆಂಡಿಗೆ 3 ಲೀಟರಿಗೆ ಇಳಿದರೆ ಅದೇ ಲೆಕ್ಕದಂತೆ ದೊರೆಯುವುದು 300 ವಾಟ್ ಮಾತ್ರ. ಉಳಿದುದನ್ನು ಆ ಕಾಲದ ಬಿಸಿಲಿನಿಂದ ಸೌರಫಲಕಗಳು ತುಂಬಿಕೊಡಬೇಕಾಗುತ್ತದೆ.